ಸೂರಿಲ್ಲದ ನಿರಾಶ್ರಿತ ಹುಡುಗರಿಗೆ ಓಟ ಏನು ಕೊಡುತ್ತದೆ?

ಬ್ರಿಟನ್ನಿನಲ್ಲಿ ಆಶ್ರಯ ಕೋರಿ ಕಾಯುತ್ತಿರುವ ಹುಡುಗನಿಗೆ ಒಂದು ದಿನ ಹೋಮ್ ಆಫೀಸಿನಿಂದ, ಅಂದರೆ ವಲಸೆ ವಿಷಯ ನೋಡಿಕೊಳ್ಳುವ ಅಲ್ಲಿನ ಗೃಹ ಇಲಾಖೆಯಿಂದ, ಪತ್ರ ಬರುತ್ತದೆ. ‘ನಿಮ್ಮನ್ನು ನಿರಾಶ್ರಿತ ಎಂದು ಒಪ್ಪಿದ್ದೇವೆ, ಇನ್ನು ಇಲ್ಲಿ ಇರಬಹುದು’ ಎಂಬುದು ಅದರ ಸಾರ. ವರ್ಷಗಟ್ಟಲೆ ಕಾದದ್ದು ಈ ಪತ್ರಕ್ಕೇ. ಆದರೆ ಅದು ಕೈಗೆ ಬಂದ ದಿನವೇ ಅವನು ಬೀದಿಗೆ ಬೀಳುವ ಲೆಕ್ಕ ಶುರುವಾಗುತ್ತದೆ.

ಕೇಳೋಕೆ ವಿಚಿತ್ರ ಅನಿಸುತ್ತೆ, ಅಲ್ವಾ? ನಿಯಮ ಇರುವುದೇ ಹಾಗೆ. ಅರ್ಜಿ ಬಾಕಿ ಇರುವವರೆಗೆ ಸರ್ಕಾರ ಒಂದು ಕೋಣೆ ಕೊಡುತ್ತದೆ, ಕೈಖರ್ಚಿಗೆ ಸ್ವಲ್ಪ ಹಣ ಕೊಡುತ್ತದೆ. ಅರ್ಜಿ ಒಪ್ಪಿದ ಮೇಲೆ ಅವನು ಬೇರೆಯವರ ಹಾಗೆ ದುಡಿದು ಬಾಳಬಹುದಾದವನು. ಹಾಗಾಗಿ ಕೋಣೆ ಖಾಲಿ ಮಾಡಬೇಕು. ಬಹಳ ಕಾಲ ಅದಕ್ಕೆ ಕೊಡುತ್ತಿದ್ದ ಗಡುವು 28 ದಿನ. 2024ರ ಡಿಸೆಂಬರಿನಲ್ಲಿ ಪ್ರಾಯೋಗಿಕವಾಗಿ 56 ದಿನಕ್ಕೆ ಏರಿಸಿದರು. 2025ರ ಸೆಪ್ಟೆಂಬರಿನಿಂದ ಹೆಚ್ಚಿನ ಒಂಟಿ ವಯಸ್ಕರಿಗೆ ಮತ್ತೆ 28ಕ್ಕೇ ಇಳಿಸಿದರು.

ಈಗ ಲೆಕ್ಕ ಹಾಕಿ. ಕೆಲಸ ಸಿಗುವವರೆಗೆ ಬದುಕಲು ‘ಯೂನಿವರ್ಸಲ್ ಕ್ರೆಡಿಟ್’ ಎಂಬ ಸರ್ಕಾರಿ ಭತ್ಯೆಗೆ ಅರ್ಜಿ ಹಾಕಬೇಕು. ಅದರ ಮೊದಲ ಕಂತು ಬರಲು ಐದು ವಾರ ಬೇಕು. ಕೋಣೆ ಬಿಡಲು ಇರುವುದು ನಾಲ್ಕು ವಾರ. ನಡುವಿನ ಒಂದು ವಾರ ಎಲ್ಲಿ ಮಲಗಬೇಕು ಎಂಬುದಕ್ಕೆ ನಿಯಮದಲ್ಲಿ ಉತ್ತರ ಇಲ್ಲ. ಮುಂಚಿತವಾಗಿ ಸ್ವಲ್ಪ ಹಣ ಕೇಳಬಹುದು, ಆದರೆ ಅದು ಸಾಲ, ಮುಂದಿನ ಕಂತುಗಳಲ್ಲಿ ಮುರಿದುಕೊಳ್ಳುತ್ತಾರೆ. ವಯಸ್ಸು 25 ಆಗಿಲ್ಲದಿದ್ದರೆ ಭತ್ಯೆಯೂ ಕಡಿಮೆ. 2024-25ರಲ್ಲಿ 25 ದಾಟಿದ ಒಂಟಿ ವ್ಯಕ್ತಿಗೆ ತಿಂಗಳಿಗೆ 393.45 ಪೌಂಡ್ ಸಿಗುತ್ತಿದ್ದರೆ, ಅದಕ್ಕಿಂತ ಚಿಕ್ಕವರಿಗೆ 311.68 ಪೌಂಡ್. ಮನೆ ಬಾಡಿಗೆಗೆ ಕೊಡುವ ನೆರವು ಕೂಡ ಅಷ್ಟಕ್ಕಷ್ಟೆ. 35 ವರ್ಷದೊಳಗಿನ ಒಂಟಿಗರಿಗೆ ಸಾಮಾನ್ಯವಾಗಿ ಹಲವರು ಹಂಚಿಕೊಳ್ಳುವ ಮನೆಯಲ್ಲಿ ಒಂದು ಕೋಣೆಯ ಬಾಡಿಗೆಯಷ್ಟೇ ಲೆಕ್ಕ. ಅಡ್ವಾನ್ಸ್ ಕೊಡಲು ದುಡ್ಡಿಲ್ಲ, ಜಾಮೀನು ಹಾಕುವ ಪರಿಚಯದವರಿಲ್ಲ. ಹಿಂದಿನ ಮನೆ ಮಾಲೀಕರಿಂದ ಪತ್ರ ತನ್ನಿ ಅಂದರೆ ಎಲ್ಲಿಂದ ತರಬೇಕು?

ಊರಿನ ಸ್ಥಳೀಯ ಆಡಳಿತ ಸಂಸ್ಥೆಯಾದ ಕೌನ್ಸಿಲ್‌ಗೆ ಹೋದರೆ? ಇಂಗ್ಲೆಂಡಿನ ಕಾನೂನಿನಲ್ಲಿ ಸೂರಿಲ್ಲದವರಲ್ಲೂ ಒಂದು ಸಾಲು ಇದೆ. ಮಕ್ಕಳಿರುವ ಕುಟುಂಬ, ಗರ್ಭಿಣಿ, ತೀರಾ ಅಸಹಾಯಕರು ಮೊದಲು. 22 ವರ್ಷದ ಗಟ್ಟಿಮುಟ್ಟಾದ ಹುಡುಗ ಆ ಸಾಲಿನ ಕೊನೆಯಲ್ಲಿ. ಅವನಿಗೆ ಸಲಹೆ ಸಿಗುತ್ತದೆ, ಮನೆ ಹುಡುಕಲು ಒಂದು ಯೋಜನೆ ಬರೆದುಕೊಡುತ್ತಾರೆ. ಅವತ್ತು ರಾತ್ರಿ ಮಲಗಲು ಜಾಗ ಮಾತ್ರ ಸಿಗುವುದಿಲ್ಲ.

ಅಪ್ಪ ಅಮ್ಮ ಇಲ್ಲದೆ ಒಂಟಿಯಾಗಿ ಬಂದ 18 ವರ್ಷದೊಳಗಿನ ಮಕ್ಕಳ ವಿಷಯ ಸ್ವಲ್ಪ ಬೇರೆ. ಅವರ ಹೊಣೆ ಕೌನ್ಸಿಲ್‌ನದು. ಆದರೆ ವಯಸ್ಸಿನ ದಾಖಲೆ ಯಾರ ಹತ್ತಿರ ಇರುತ್ತದೆ? ಗಡಿಯಲ್ಲಿ ಅಧಿಕಾರಿ ಮುಖ ನೋಡಿ, ನಡವಳಿಕೆ ನೋಡಿ ‘ಇವನು ದೊಡ್ಡವನೇ’ ಅಂದುಬಿಟ್ಟರೆ 16ರ ಹುಡುಗ, ಆಶ್ರಯ ಕೋರಿದ ದೊಡ್ಡವರನ್ನು ಸರ್ಕಾರ ಇರಿಸುವ ಹೋಟೆಲಿನಲ್ಲಿ ಬೀಳುತ್ತಾನೆ. ಅಲ್ಲಿಂದ ಹೊರಬರುವುದು ಆಮೇಲೆ ದೊಡ್ಡ ಹೋರಾಟ.

ಇಂಥವರ ಮುಂದೆ ನಿಂತು ‘ಬಾ, ಓಡೋಣ’ ಅಂದರೆ ಹೇಗಿರುತ್ತೆ? ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಅಂತ ಯಾರಿಗಾದರೂ ಅನಿಸಬಹುದು. ಆ ಅನುಮಾನ ಸುಮ್ನೆ ಬಂದದ್ದಲ್ಲ, ಕೊನೆಯವರೆಗೂ ಅದನ್ನು ಇಟ್ಟುಕೊಂಡೇ ಓದುವುದು ಒಳ್ಳೆಯದು. ಆದರೂ ಲಂಡನ್‌ನಿಂದ ಲಾಸ್ ಏಂಜಲಿಸ್‌ವರೆಗೆ ಸೂರಿಲ್ಲದವರನ್ನು ಓಡಿಸುವ ಗುಂಪುಗಳು ಹತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ನಡೆಯುತ್ತಿವೆ. ಹುಡುಗರು ಬರುತ್ತಲೂ ಇದ್ದಾರೆ. ಅದಕ್ಕೆ ಕಾರಣ ಏನು ಅಂತ ನೋಡಿದರೆ, ಮನೆ ಇಲ್ಲದಿರುವುದರ ಜೊತೆಗೆ ಇನ್ನೊಂದು ಸಂಕಟವೂ ಇದೆ ಎಂಬುದು ತಿಳಿಯುತ್ತದೆ.

ಕಾಯುವುದೇ ಕೆಲಸ

ಬ್ರಿಟನ್ನಿನಲ್ಲಿ ಆಶ್ರಯ ಕೋರಿದವರು ಕೆಲಸ ಮಾಡುವಂತಿಲ್ಲ. ಅರ್ಜಿ ಹಾಕಿ 12 ತಿಂಗಳು ಕಳೆದರೂ ತೀರ್ಮಾನ ಬರದಿದ್ದರೆ, ಮತ್ತು ಆ ತಡಕ್ಕೆ ಅವರು ಕಾರಣರಲ್ಲದಿದ್ದರೆ, ಅನುಮತಿ ಕೇಳಬಹುದು. ಆಗಲೂ ಸರ್ಕಾರದ ಪಟ್ಟಿಯಲ್ಲಿರುವ ಕೆಲವೇ ಕೆಲಸಗಳಿಗೆ ಮಾತ್ರ. ಕೈಗೆ ಬರುವ ಹಣ 2024ರಲ್ಲಿ ವಾರಕ್ಕೆ 49.18 ಪೌಂಡ್ ಇತ್ತು. ಊಟ ಕೊಡುವ ಹೋಟೆಲಿನಲ್ಲಿ ಇರಿಸಿದ್ದರೆ ಅದು ಬರೀ 8.86 ಪೌಂಡ್. ಲಂಡನ್‌ನಲ್ಲಿ ಆಗ ಒಂದು ಸಲ ಬಸ್ ಹತ್ತಿದರೆ 1.75 ಪೌಂಡ್ ಆಗುತ್ತಿತ್ತು. ಅಂದರೆ ಇಡೀ ವಾರದ ದುಡ್ಡಿಗೆ ಐದು ಸಲ ಬಸ್ ಹತ್ತಬಹುದಿತ್ತು, ಅಷ್ಟೇ. ಎರಡು ಸಲ ಹೋಗಿ ಬಂದ ಮೇಲೆ ಮೂರನೇ ಸಲ ಹೋದರೆ ನಡೆದೇ ವಾಪಸು ಬರಬೇಕಿತ್ತು.

ಹೀಗೆ ತಿಂಗಳುಗಟ್ಟಲೆ ಕಳೆದವನ ದಿನ ಹೇಗಿರುತ್ತದೆ? ರಾತ್ರಿ ನಿದ್ದೆ ಬರುವುದಿಲ್ಲ, ಬೆಳಗ್ಗೆ ಏಳಲು ಕಾರಣ ಇರುವುದಿಲ್ಲ. ಮಧ್ಯಾಹ್ನದವರೆಗೆ ಮಲಗಿ, ಸಂಜೆ ಫೋನು ನೋಡಿ, ಮತ್ತೆ ರಾತ್ರಿ ಎಚ್ಚರ. ಎಲ್ಲಿ ಇರಬೇಕು, ಯಾವಾಗ ತಿನ್ನಬೇಕು, ಯಾವ ಊರಿಗೆ ಹೋಗಬೇಕು ಎಲ್ಲವನ್ನೂ ಬೇರೆಯವರು ತೀರ್ಮಾನಿಸುತ್ತಾರೆ. ಕೊನೆಗೆ ಪತ್ರ ಬಂದಾಗ, 28 ದಿನದಲ್ಲಿ ಬ್ಯಾಂಕ್ ಖಾತೆ, ಭತ್ಯೆ, ಮನೆ, ಕೆಲಸ ಎಲ್ಲ ಓಡಾಡಿ ಮಾಡಿಕೋ ಅನ್ನುತ್ತಾರೆ. ವರ್ಷಗಟ್ಟಲೆ ಏನೂ ಮಾಡಬೇಡ ಎಂದು ಕೂರಿಸಿದ್ದವನಿಗೆ ಒಮ್ಮೆಲೇ ಎಲ್ಲವನ್ನೂ ಮಾಡು ಅಂದರೆ ಆಗುತ್ತಾ?

ನನಗೆ ಅನಿಸುವಂತೆ ಓಟದ ಗುಂಪುಗಳು ಕೈ ಹಾಕುವುದು ಇಲ್ಲಿಗೆ. ಅವು ಮನೆ ಕೊಡುವುದಿಲ್ಲ. ಕಾಯುವಿಕೆ ಕಿತ್ತುಕೊಂಡದ್ದರಲ್ಲಿ ಸ್ವಲ್ಪವನ್ನು ವಾಪಸು ಕೊಡುತ್ತವೆ. ದಿನಕ್ಕೊಂದು ಹೊತ್ತುಗೊತ್ತು, ಮೈಮೇಲೆ ಒಂದು ಹಿಡಿತ, ‘ನೀನು ಬರಲಿಲ್ಲವಲ್ಲ’ ಎಂದು ಕೇಳುವ ಒಬ್ಬ ಮನುಷ್ಯ.

ಚೀಲ ಎಲ್ಲಿಡಬೇಕು?

‘ದಿ ರನ್ನಿಂಗ್ ಚಾರಿಟಿ’ 2012ರಲ್ಲಿ ಲಂಡನ್‌ನಲ್ಲಿ ಶುರುವಾದ ಸಂಸ್ಥೆ. 16ರಿಂದ 25 ವರ್ಷದ, ಸೂರಿಲ್ಲದ ಅಥವಾ ಸೂರು ಕಳೆದುಕೊಳ್ಳುವ ಅಂಚಿನಲ್ಲಿರುವ ಹುಡುಗ ಹುಡುಗಿಯರ ಜೊತೆ ಅದರ ಕೆಲಸ. ಬರುವವರಲ್ಲಿ ಆಶ್ರಯ ಕೋರಿ ಬಂದವರೂ ಇದ್ದಾರೆ. ಓಟದ ಜೊತೆಗೆ ಮನೆ, ಓದು, ಕೆಲಸದ ವಿಷಯದಲ್ಲೂ ನೆರವಾಗುವುದು ಇಂಥ ಸಂಸ್ಥೆಗಳ ರೀತಿ.

ಇಂಥ ಗುಂಪು ನಡೆಸುವವರಿಗೆ ಮೊದಲ ದಿನವೇ ಎದುರಾಗುವ ಪ್ರಶ್ನೆಗಳು ಓಟದ ಪುಸ್ತಕದಲ್ಲಿ ಇರುವುದಿಲ್ಲ. ಸೂರಿಲ್ಲದವನು ತನ್ನ ಇಡೀ ಮನೆಯನ್ನು ಬೆನ್ನ ಮೇಲೆ ಹೊತ್ತುಕೊಂಡು ಬರುತ್ತಾನೆ. ಹೋಮ್ ಆಫೀಸಿನ ಕಾಗದ, ಫೋನ್ ಚಾರ್ಜರ್, ಇನ್ನೊಂದು ಜೊತೆ ಬಟ್ಟೆ, ಮಾತ್ರೆ ಎಲ್ಲ ಅದೇ ಚೀಲದಲ್ಲಿ. ಅದನ್ನು ಬಿಟ್ಟು ಓಡು ಅಂದರೆ ಅವನು ಓಡಲಾರ. ಆದ್ದರಿಂದ ಮೊದಲು ಬೇಕಾದದ್ದು ಬೀಗ ಹಾಕುವ ಒಂದು ಕಪಾಟು, ಬೀಗದ ಕೈ ಅವನ ಜೇಬಿನಲ್ಲೇ ಇರಬೇಕು. ಆಮೇಲೆ ಶೂ. ಅವನು ತೊಟ್ಟಿರುವುದು ಯಾರೋ ದಾನ ಕೊಟ್ಟದ್ದು, ಒಂದು ಸೈಜ್ ದೊಡ್ಡದು. ಅದರಲ್ಲಿ ಎರಡು ಕಿಲೋಮೀಟರ್ ಓಡಿದರೆ ಹಿಮ್ಮಡಿ ಕಿತ್ತು ಬರುತ್ತದೆ. ಅಂಗಾಲು ಗುಳ್ಳೆ ಎದ್ದವನಿಗೆ ಮರುದಿನ ಬಸ್ಸಿಗೆ ದುಡ್ಡಿಲ್ಲದೆ ನಡೆಯಲೂ ಆಗುವುದಿಲ್ಲ. ಮೂರನೆಯದು ಸ್ನಾನ. ಬೆವರಿದ ಬಟ್ಟೆಯಲ್ಲೇ ಬೀದಿಯಲ್ಲಿ ಮಲಗಬೇಕೆಂದರೆ ಯಾರಿಗೆ ಓಡುವ ಮನಸ್ಸು ಬರುತ್ತದೆ? ಹಾಗಾಗಿಯೇ ಇಂಥ ಗುಂಪುಗಳು ಸ್ನಾನದ ಮನೆ, ಬಟ್ಟೆ ಒಗೆಯುವ ಯಂತ್ರ ಇರುವ ಯುವಕೇಂದ್ರಗಳ, ಹಾಸ್ಟೆಲುಗಳ ಜೊತೆ ಸೇರಿಕೊಂಡರೆ ಚೆನ್ನಾಗಿ ನಡೆಯುತ್ತವೆ. ಕೊನೆಗೆ ತಿಂಡಿ. ನಿನ್ನೆ ರಾತ್ರಿ ಊಟ ಮಾಡಿದ್ದೀಯಾ ಎಂದು ಕೇಳದೆ ಯಾರನ್ನೂ ಓಡಿಸಬಾರದು. ಎಷ್ಟೋ ಸಲ ಉತ್ತರ ‘ಇಲ್ಲ’ ಎಂದೇ ಇರುತ್ತದೆ. ಆಗ ಮೊದಲು ತಿಂಡಿ, ಆಮೇಲೆ ಬೇಕಾದರೆ ನಡಿಗೆ.

ನೋಡಿ, ಕಪಾಟು, ಶೂ, ಸ್ನಾನ, ತಿಂಡಿ ಇಷ್ಟಾಗುವಷ್ಟರಲ್ಲಿ ಅರ್ಧ ಕೆಲಸ ಆಗಿಬಿಟ್ಟಿರುತ್ತದೆ. ಇನ್ನೂ ಒಂದು ಹೆಜ್ಜೆ ಓಡಿರುವುದಿಲ್ಲ. ‘ಸಹಾಯ ಕೇಂದ್ರಕ್ಕೆ ಬಾ’ ಅಂದರೆ ಬರದ ಹುಡುಗ ‘ಓಡೋಕೆ ಬಾ’ ಅಂದರೆ ಬರುತ್ತಾನೆ. ಸಹಾಯ ಬೇಡುವುದಕ್ಕೂ ಆಟಕ್ಕೆ ಬರುವುದಕ್ಕೂ ವ್ಯತ್ಯಾಸ ಇದೆ. ಹದಿನೆಂಟು ಇಪ್ಪತ್ತರ ವಯಸ್ಸಿನಲ್ಲಿ ಆ ವ್ಯತ್ಯಾಸ ಬಹಳ ದೊಡ್ಡದು.

ಎದೆ ಡವಡವ ಅಂದರೆ ಅಪಾಯವೇ?

ಇನ್ನು ಮೈಯ ವಿಷಯ. 2020ರಲ್ಲಿ ‘ಪ್ಲಾಸ್ ಮೆಡಿಸಿನ್’ ಪತ್ರಿಕೆಯಲ್ಲಿ ಒಂದು ಸಮೀಕ್ಷೆ ಬಂತು. 15 ದೇಶಗಳಲ್ಲಿ ನಡೆದ 26 ಅಧ್ಯಯನಗಳ, ಐದು ಸಾವಿರಕ್ಕೂ ಹೆಚ್ಚು ನಿರಾಶ್ರಿತರ ಮಾಹಿತಿಯನ್ನು ಅದರಲ್ಲಿ ಒಟ್ಟುಗೂಡಿಸಿದ್ದರು. ಹೆಚ್ಚುಕಡಿಮೆ ಮೂವರಲ್ಲಿ ಒಬ್ಬರಿಗೆ ಖಿನ್ನತೆ, ಅಷ್ಟೇ ಪ್ರಮಾಣದಲ್ಲಿ ಆಘಾತದ ನಂತರದ ಒತ್ತಡದ ಕಾಯಿಲೆ ಕಂಡುಬಂತು.

ಆಘಾತದ ನೆನಪು ಮೈಯಲ್ಲೂ ಕೂತಿರುತ್ತದೆ. ಬಾಗಿಲು ದಡ್ ಅಂದರೆ ಸಾಕು, ಎದೆ ಹೊಡೆದುಕೊಳ್ಳುತ್ತದೆ, ಉಸಿರು ಮೇಲಕ್ಕೆ ಬರುತ್ತದೆ, ಅಂಗೈ ಬೆವರುತ್ತದೆ. ಈಗ ಯೋಚಿಸಿ, ಓಡುವಾಗ ಆಗುವುದೂ ಇದೇ ಅಲ್ವಾ? ಅದೇ ಡವಡವ, ಅದೇ ಏದುಸಿರು, ಅದೇ ಬೆವರು. ಆದರೆ ಇಲ್ಲಿ ಯಾರೂ ಅಟ್ಟಿಸಿಕೊಂಡು ಬಂದಿಲ್ಲ. ಅವನೇ ಶುರು ಮಾಡಿದ್ದು, ಬೇಕೆಂದಾಗ ನಿಲ್ಲಿಸಬಹುದು. ಎರಡು ನಿಮಿಷ ನಡೆದರೆ ಎದೆಬಡಿತ ತಾನಾಗಿ ಇಳಿಯುತ್ತದೆ. ಹೀಗೆ ವಾರಕ್ಕೆರಡು ಸಲ ಆದಾಗ, ಎದೆ ಜೋರಾಗಿ ಹೊಡೆದುಕೊಂಡಾಗಲೆಲ್ಲ ಏನೋ ಕೆಟ್ಟದ್ದು ಆಗಬೇಕಾಗಿಲ್ಲ ಎಂಬುದನ್ನು ಮೈ ನಿಧಾನಕ್ಕೆ ಕಲಿಯುತ್ತದೆ. ಆತಂಕದ ಚಿಕಿತ್ಸೆಯಲ್ಲಿ ಇದೇ ದಾರಿಯನ್ನು ಮನೋವೈದ್ಯರೂ ಬಳಸುತ್ತಾರೆ.

ಎಲ್ಲರಿಗೂ ಇದು ಹೀಗೆಯೇ ಆಗುವುದಿಲ್ಲ. ಜೀವ ಉಳಿಸಿಕೊಳ್ಳಲು ಗಡಿ ದಾಟಿ ಓಡಿದವನಿಗೆ ಓಟವೇ ಹಳೆಯದನ್ನು ಕೆದಕಬಹುದು. ಹಿಂದಿನಿಂದ ಯಾರೋ ವೇಗವಾಗಿ ಬರುವ ಹೆಜ್ಜೆ ಸದ್ದು, ಕತ್ತಲ ದಾರಿ, ಮರಗಳ ನಡುವಿನ ಜಾಡು ಇವೆಲ್ಲ ಕೆಲವರಿಗೆ ಆಗಿಬರುವುದಿಲ್ಲ. ಅನುಭವ ಇರುವ ಕೋಚ್ ಅಂಥವರನ್ನು ಸಾಲಿನ ಕೊನೆಯಲ್ಲಿ ಓಡಿಸುತ್ತಾರೆ, ಹಿಂದೆ ಯಾರೂ ಇರದ ಹಾಗೆ. ಬಯಲು ಜಾಗ ಆರಿಸುತ್ತಾರೆ, ಸೀಟಿ ಊದುವುದಿಲ್ಲ. ಸಣ್ಣ ವಿಷಯ ಅನಿಸಬಹುದು. ಆ ಹುಡುಗ ಮುಂದಿನ ವಾರ ಬರುತ್ತಾನೋ ಇಲ್ಲವೋ ಎಂಬುದು ಇಂಥದ್ದರಲ್ಲೇ ತೀರ್ಮಾನವಾಗುತ್ತದೆ.

ಖಿನ್ನತೆಗೆ ವ್ಯಾಯಾಮ ಒಳ್ಳೆಯದು ಎಂಬುದಕ್ಕೆ ಆಧಾರ ಗಟ್ಟಿಯಾಗಿದೆ. 2024ರಲ್ಲಿ ‘ಬಿಎಂಜೆ’ ವೈದ್ಯಕೀಯ ಪತ್ರಿಕೆಯಲ್ಲಿ 218 ಪ್ರಯೋಗಗಳನ್ನು, 14,170 ಜನರ ಮಾಹಿತಿಯನ್ನು ಒಟ್ಟಿಗೆ ನೋಡಿದ ವಿಶ್ಲೇಷಣೆ ಪ್ರಕಟವಾಯಿತು. ನಡಿಗೆ ಅಥವಾ ಮೆಲ್ಲನೆಯ ಓಟ, ಯೋಗ, ತೂಕ ಎತ್ತುವ ವ್ಯಾಯಾಮ ಇವು ಹೆಚ್ಚು ಕೆಲಸ ಮಾಡಿದವುಗಳ ಸಾಲಿನಲ್ಲಿದ್ದವು. ಅದು ಖಿನ್ನತೆ ಇರುವ ಸಾಮಾನ್ಯ ಜನರ ಲೆಕ್ಕ, ಸೂರಿಲ್ಲದ ನಿರಾಶ್ರಿತರದ್ದೇ ಅಲ್ಲ. ಇನ್ನು ಓಡಿದ ಮೇಲೆ ಬರುವ ಆ ಹಗುರ ಭಾವ, ಅದಕ್ಕೆ ಮೈಯಲ್ಲೇ ಹುಟ್ಟುವ ಎಂಡಾರ್ಫಿನ್ ಎಂಬ ರಾಸಾಯನಿಕ ಕಾರಣ ಅಂತ ಎಲ್ಲರೂ ಹೇಳುತ್ತಾರೆ. 2021ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಎಂಡಾರ್ಫಿನ್‌ನ ಪರಿಣಾಮವನ್ನು ಔಷಧಿಯಿಂದ ತಡೆದರೂ ಓಟಗಾರರಿಗೆ ಖುಷಿ ಬಂತು, ಆತಂಕ ಇಳಿಯಿತು. ಹಾಗಾಗಿ ಮೈಯೊಳಗೆ ತಯಾರಾಗುವ ಎಂಡೋಕ್ಯಾನಬಿನಾಯ್ಡ್ ಎಂಬ ರಾಸಾಯನಿಕಗಳ ಕಡೆ ಈಗ ವಿಜ್ಞಾನಿಗಳ ಗಮನ ಹೊರಳಿದೆ. ಓಡುವವನಿಗೆ ಇದರ ಹೆಸರು ಯಾವುದಾದರೇನು? ಅವತ್ತು ರಾತ್ರಿ ನಾಲ್ಕು ಗಂಟೆ ಜಾಸ್ತಿ ನಿದ್ದೆ ಬಂದರೆ ಅದೇ ಲಾಭ.

ಪಕ್ಕದಲ್ಲಿ ಓಡುವವರು

ನಿರಾಶ್ರಿತನೊಬ್ಬ ತನ್ನ ಕಥೆಯನ್ನು ಎಷ್ಟು ಸಲ ಹೇಳಿರುತ್ತಾನೆ! ಗಡಿಯಲ್ಲಿ, ಸಂದರ್ಶನದಲ್ಲಿ, ವಕೀಲರ ಮುಂದೆ, ವೈದ್ಯರ ಮುಂದೆ. ಪ್ರತಿ ಸಲವೂ ಮೇಜಿನ ಆ ಕಡೆ ಒಬ್ಬರು, ಈ ಕಡೆ ಇವನು, ನಡುವೆ ದುಭಾಷಿ. ಒಂದು ತಾರೀಕು ಹಿಂದೆಮುಂದೆ ಆದರೂ ‘ಸುಳ್ಳು ಹೇಳುತ್ತಿದ್ದಾನೆ’ ಅಂದುಕೊಳ್ಳಬಹುದು ಎಂಬ ಭಯ. ಹೀಗಾದ ಮೇಲೆ ಮುಖಕ್ಕೆ ಮುಖ ಕೊಟ್ಟು ಕೂತು ‘ಹೇಗಿದ್ದೀಯಾ?’ ಎಂದು ಯಾರು ಕೇಳಿದರೂ ಅದು ಅವನಿಗೆ ವಿಚಾರಣೆಯೇ.

ಓಡುವಾಗ ಇಬ್ಬರೂ ಒಂದೇ ಕಡೆ ನೋಡುತ್ತಿರುತ್ತಾರೆ. ಕಣ್ಣಿಗೆ ಕಣ್ಣು ಕೊಡಬೇಕಾಗಿಲ್ಲ. ಮಾತು ನಿಂತರೆ ಮುಜುಗರವಿಲ್ಲ, ಏದುಸಿರು ಇದೆಯಲ್ಲ. ಭಾಷೆ ಬಾರದಿದ್ದರೂ ನಡೆಯುತ್ತದೆ, ‘ನಿಧಾನ’, ‘ಇನ್ನೊಂದು ಸುತ್ತು’, ‘ನೀರು’ ಇಷ್ಟು ಬಂದರೆ ಸಾಕು. ಮೂರನೇ ವಾರವೋ ಐದನೇ ವಾರವೋ, ಯಾವುದೋ ಏರು ಹತ್ತಿದ ಮೇಲೆ ಅವನೇ ಹೇಳುತ್ತಾನೆ, ‘ನನಗೊಂದು ಪತ್ರ ಬಂದಿದೆ, ಓದೋಕೆ ಆಗ್ತಿಲ್ಲ’. ಆ ಪತ್ರ ಮನೆ ಖಾಲಿ ಮಾಡುವ ನೋಟಿಸ್ ಆಗಿರುತ್ತದೆ, ಗಡುವಿಗೆ ಆರೇ ದಿನ ಉಳಿದಿರುತ್ತದೆ. ಕೋಚ್ ವಕೀಲರಿಗೆ ಫೋನ್ ಮಾಡುತ್ತಾರೆ. ಓಟದಿಂದ ಬದುಕು ಬದಲಾಯಿತು ಎಂದು ಆಮೇಲೆ ಬರೆಯುವ ಕಥೆಗಳಲ್ಲಿ ಈ ಫೋನ್ ಕರೆಗೆ ಜಾಗ ಇರುವುದಿಲ್ಲ. ನಿಜವಾಗಿ ಕೆಲಸ ಮಾಡಿದ್ದು ಅದು.

ಇದಕ್ಕೆ ಎಲ್ಲರೂ ಬಲ್ಲ ಉದಾಹರಣೆ ಮೋ ಫರಾ. ಲಂಡನ್ 2012, ರಿಯೊ 2016 ಎರಡೂ ಒಲಿಂಪಿಕ್ಸ್‌ನಲ್ಲಿ 5,000 ಮತ್ತು 10,000 ಮೀಟರ್ ಚಿನ್ನ ಗೆದ್ದ ಬ್ರಿಟನ್ನಿನ ಓಟಗಾರ. ಅಪ್ಪ ಅಮ್ಮನ ಜೊತೆ ನಿರಾಶ್ರಿತನಾಗಿ ಬಂದವರು ಎಂದೇ ಜಗತ್ತು ನಂಬಿತ್ತು. 2022ರ ಜುಲೈನಲ್ಲಿ ಬಿಬಿಸಿ ಸಾಕ್ಷ್ಯಚಿತ್ರದಲ್ಲಿ ಅವರೇ ನಿಜ ಹೇಳಿದರು. ತನ್ನ ನಿಜವಾದ ಹೆಸರು ಹುಸೇನ್ ಅಬ್ದಿ ಕಾಹಿನ್. ತಂದೆ ಸೊಮಾಲಿಯಾದ ಹಿಂಸೆಯಲ್ಲಿ ಸತ್ತಿದ್ದರು. ಒಂಬತ್ತರ ಸುಮಾರಿಗೆ ಪರಿಚಯವಿಲ್ಲದ ಹೆಂಗಸೊಬ್ಬಳು ಬೇರೊಬ್ಬ ಹುಡುಗನ ಹೆಸರಿನ ಕಾಗದದಲ್ಲಿ ಅವರನ್ನು ಲಂಡನ್‌ಗೆ ಕರೆತಂದಿದ್ದಳು. ಅಲ್ಲಿ ಒಂದು ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುವ, ಮನೆಗೆಲಸ ಮಾಡುವ ಆಳು.

ಆಮೇಲೆ ಶಾಲೆಗೆ ಸೇರಿಸಿದರು. ಫೆಲ್ತಮ್‌ನ ಆ ಶಾಲೆಯಲ್ಲಿ ಪಿಟಿ ಮೇಷ್ಟ್ರಾಗಿದ್ದವರು ಅಲನ್ ವಾಟ್ಕಿನ್ಸನ್. ಇಂಗ್ಲಿಷ್ ಬಾರದ ಈ ಹುಡುಗ ಮೈದಾನಕ್ಕೆ ಇಳಿದಾಗ ಮಾತ್ರ ಬೇರೆಯೇ ಆಗುವುದನ್ನು ಅವರು ಗಮನಿಸಿದರು. ಮನೆಯಲ್ಲಿ ನಡೆಯುತ್ತಿದ್ದುದನ್ನು ಹುಡುಗ ಕೊನೆಗೆ ಬಾಯಿಬಿಟ್ಟು ಹೇಳಿದ್ದೂ ಅವರ ಹತ್ತಿರವೇ. ಮೇಷ್ಟ್ರು ಸಮಾಜ ಕಲ್ಯಾಣದವರಿಗೆ ತಿಳಿಸಿದರು, ಹುಡುಗ ಬೇರೊಂದು ಸೊಮಾಲಿ ಕುಟುಂಬದ ಆಸರೆಗೆ ಹೋದ. ಓಟದಲ್ಲಿ ಮಿಂಚಿ ಹೊರದೇಶದ ಸ್ಪರ್ಧೆಗೆ ಆಯ್ಕೆಯಾದಾಗ ಕಾಗದಪತ್ರ ಇಲ್ಲದೆ ಹೋಗಲಾಗಲಿಲ್ಲ. ಪೌರತ್ವಕ್ಕೆ ಓಡಾಡಿದವರೂ ಇದೇ ಮೇಷ್ಟ್ರು. 2000ದಲ್ಲಿ ಅದು ಸಿಕ್ಕಿತು.

ಈ ಕಥೆಯಲ್ಲಿ ಎಲ್ಲರ ಕಣ್ಣು ನಾಲ್ಕು ಚಿನ್ನದ ಪದಕಗಳ ಮೇಲೆ. ಹುಡುಗ ರಾಷ್ಟ್ರಮಟ್ಟಕ್ಕೆ ಹೋಗದೆ ಸಾಧಾರಣ ಓಟಗಾರನಾಗಿಯೇ ಉಳಿದಿದ್ದರೂ ಆ ಮನೆಯಿಂದ ಬಿಡುಗಡೆ ಆಗುತ್ತಿತ್ತು. ಅದಕ್ಕೆ ಬೇಕಾಗಿದ್ದದ್ದು ವೇಗವಲ್ಲ, ಗಮನಿಸುವ ಒಬ್ಬ ಮೇಷ್ಟ್ರು.

ಬಹುಮಾನವೋ, ಹಕ್ಕೋ?

ಅಮೆರಿಕದಲ್ಲಿ ಇದೇ ಕೆಲಸವನ್ನು ಇನ್ನೊಂದು ರೀತಿ ಮಾಡುತ್ತಾರೆ. ‘ಬ್ಯಾಕ್ ಆನ್ ಮೈ ಫೀಟ್’ 2007ರಲ್ಲಿ ಫಿಲಡೆಲ್ಫಿಯಾದಲ್ಲಿ ಶುರುವಾಯಿತು. ಸೂರಿಲ್ಲದವರು ವಾರಕ್ಕೆ ಮೂರು ದಿನ ಬೆಳಗಿನ ಜಾವವೇ ಎದ್ದು ಸ್ವಯಂಸೇವಕರ ಜೊತೆ ಓಡುತ್ತಾರೆ. ಮೊದಲ 30 ದಿನ ಶೇಕಡ 90ರಷ್ಟು ಹಾಜರಿ ಇದ್ದರೆ ಮುಂದಿನ ಹಂತ, ಅಂದರೆ ಉದ್ಯೋಗ ತರಬೇತಿ, ಹಣಕಾಸಿನ ನೆರವು. ಲಾಸ್ ಏಂಜಲಿಸ್‌ನ ಸೂರಿಲ್ಲದವರು ಹೆಚ್ಚಾಗಿರುವ ಸ್ಕಿಡ್ ರೋ ಪ್ರದೇಶದ ಓಟದ ಗುಂಪಿನ ಕಥೆ ಇನ್ನೂ ಸ್ವಾರಸ್ಯ. ಅದನ್ನು 2012ರಲ್ಲಿ ಶುರು ಮಾಡಿದವರು ಕ್ರೇಗ್ ಮಿಚೆಲ್ ಎಂಬ ನ್ಯಾಯಾಧೀಶರು. ಅಪರಾಧಿಗಳಿಗೆ ಶಿಕ್ಷೆ ಕೊಡುತ್ತಿದ್ದ ಅದೇ ಮನುಷ್ಯ ಬೆಳಗ್ಗೆ ಬೀದಿಯಲ್ಲಿ ಮಲಗುವವರ ಜೊತೆ ಓಡುತ್ತಿದ್ದರು. ಇವೆರಡೂ ನಿರಾಶ್ರಿತರಿಗೆಂದೇ ಇರುವ ಗುಂಪುಗಳಲ್ಲ, ಆದರೆ ಈ ಕ್ಷೇತ್ರದಲ್ಲಿ ಎಲ್ಲರೂ ತಿರುಗಿ ನೋಡುವುದು ಇವುಗಳನ್ನೇ.

ಹಾಜರಿಯ ನಿಯಮದಲ್ಲಿ ಒಂದು ತರ್ಕ ಇದೆ. ನಸುಕಿನಲ್ಲಿ ಎದ್ದು ಬರುವವನು ಕೆಲಸಕ್ಕೂ ಹೊತ್ತಿಗೆ ಸರಿಯಾಗಿ ಬರುತ್ತಾನೆ ಎಂದು ಮಾಲೀಕರು ನಂಬುತ್ತಾರೆ. ಆದರೂ ಈ ವಿಷಯದಲ್ಲಿ ನನಗೆ ತಕರಾರು ಇದೆ. ಓಡಿ ತೋರಿಸಿದರೆ ನೆರವು ಎಂದಾಗ, ಓಡಲಾಗದವನ ಗತಿ ಏನು? ಮೊಣಕಾಲಿಗೆ ಗುಂಡು ತಗುಲಿದವನು, ರಾತ್ರಿಯಿಡೀ ಎಚ್ಚರ ಇದ್ದು ಬೆಳಗ್ಗೆ ಐದಕ್ಕೆ ಕಣ್ಣು ಮುಚ್ಚಿದವನು, ಓಟದ ದಿನವೇ ಹೋಮ್ ಆಫೀಸಿನಲ್ಲಿ ಹಾಜರಿ ಹಾಕಬೇಕಾದವನು? ಯೋಗ್ಯತೆ ತೋರಿಸಿದವರಿಗೆ ಮನೆ ಎಂಬ ವಾದವನ್ನು ಬಿಟ್ಟು, ಮೊದಲು ಮನೆ ಕೊಡಿ, ಉಳಿದದ್ದು ಆಮೇಲೆ ಎಂಬ ‘ಹೌಸಿಂಗ್ ಫಸ್ಟ್’ ಪದ್ಧತಿ 1992ರಲ್ಲಿ ನ್ಯೂಯಾರ್ಕ್‌ನಲ್ಲಿ ಹುಟ್ಟಿತು. ಫಿನ್ಲೆಂಡ್ 2008ರಿಂದ ಅದನ್ನೇ ರಾಷ್ಟ್ರೀಯ ನೀತಿ ಮಾಡಿಕೊಂಡು ಸೂರಿಲ್ಲದವರ ಸಂಖ್ಯೆಯನ್ನು ಬಹಳ ಇಳಿಸಿತು. ನಿರಾಶ್ರಿತರ ಬದುಕಿನಲ್ಲಿ ಪರೀಕ್ಷೆಗಳಿಗೆ ಬರವಿಲ್ಲ, ಓಟವೂ ಇನ್ನೊಂದು ಪರೀಕ್ಷೆ ಆಗಬೇಕಾಗಿಲ್ಲ.

ಷರತ್ತಿಲ್ಲದ ಓಟಕ್ಕೆ ಒಳ್ಳೆಯ ಮಾದರಿ ಬ್ರಿಟನ್ನಿನಲ್ಲೇ ಇದೆ. ‘ಪಾರ್ಕ್‌ರನ್’ 2004ರ ಅಕ್ಟೋಬರ್ 2ರಂದು ಲಂಡನ್‌ನ ಬುಶಿ ಪಾರ್ಕಿನಲ್ಲಿ 13 ಓಟಗಾರರಿಂದ ಶುರುವಾಯಿತು. ಅದನ್ನು ಶುರು ಮಾಡಿದ ಪಾಲ್ ಸಿಂಟನ್-ಹೆವಿಟ್ ಆಗ ಗಾಯವಾಗಿ ಓಡಲಾಗದೆ, ಕೆಲಸವೂ ಇಲ್ಲದೆ ಕೂತಿದ್ದರು. ಪ್ರತಿ ಶನಿವಾರ ಬೆಳಗ್ಗೆ 5 ಕಿಲೋಮೀಟರ್, ಪೂರ್ತಿ ಉಚಿತ. ಓಡಬಹುದು, ನಡೆಯಬಹುದು. ಎಲ್ಲರಿಗಿಂತ ಕೊನೆಗೆ ಬರುವುದಕ್ಕೆಂದೇ ಒಬ್ಬ ಸ್ವಯಂಸೇವಕ ಇರುತ್ತಾರೆ, ಹಾಗಾಗಿ ಬೇರೆ ಯಾರೂ ಕೊನೆಯವರಾಗುವುದಿಲ್ಲ. ಹೆಸರು ನೋಂದಾಯಿಸಿದರೆ ಒಂದು ಬಾರ್‌ಕೋಡ್ ಸಿಗುತ್ತದೆ, ಅಷ್ಟೇ. ವೀಸಾ ಯಾವುದು, ಯಾವ ದೇಶದವನು ಎಂದು ಯಾರೂ ಕೇಳುವುದಿಲ್ಲ.

ಇನ್ನೊಂದು ಅನುಕೂಲವೂ ಇದೆ. ಆಶ್ರಯ ಕೋರಿದವರು ಸಂಬಳದ ಕೆಲಸ ಮಾಡುವಂತಿಲ್ಲವಾದರೂ ಸ್ವಯಂಸೇವೆ ಮಾಡಬಹುದು. ಗಡಿಯಾರ ಹಿಡಿದು ಹೊತ್ತು ಬರೆದುಕೊಳ್ಳುವುದು, ತಿರುವಿನಲ್ಲಿ ನಿಂತು ದಾರಿ ತೋರಿಸುವುದು, ಬಾರ್‌ಕೋಡ್ ಸ್ಕ್ಯಾನ್ ಮಾಡುವುದು. ಇದುವರೆಗೆ ಕೈಚಾಚುವ ಜಾಗದಲ್ಲೇ ನಿಂತಿದ್ದವನು ಇಲ್ಲಿ ಕೊಡುವವನಾಗುತ್ತಾನೆ. ಮುಂದೆ ಕೆಲಸಕ್ಕೆ ಅರ್ಜಿ ಹಾಕುವಾಗ ‘ಈತನನ್ನು ನಾನು ಬಲ್ಲೆ’ ಎನ್ನುವ ಒಬ್ಬ ಸ್ಥಳೀಯರ ಹೆಸರು ಬೇಕಲ್ಲ, ಅದೂ ಸಿಗುತ್ತದೆ.

ಹುಡುಗಿಯರ ಮಾತು ಬಂದಾಗ ಈ ಸೊಗಸಾದ ಚಿತ್ರ ಸ್ವಲ್ಪ ಮಸುಕಾಗುತ್ತದೆ. ಎಲ್ಲರಿಗೂ ಬಾಗಿಲು ತೆರೆದಿದೆ ಎಂದರೂ ಒಳಗೆ ಗಂಡುಹುಡುಗರೇ ತುಂಬಿದ್ದರೆ ಎಷ್ಟೋ ಹುಡುಗಿಯರು ಬರುವುದಿಲ್ಲ. ಅವರಿಗೆ ಬೇರೆ ಹೊತ್ತು, ಹೆಂಗಸು ಕೋಚ್, ಮೈ ಮುಚ್ಚುವ ಬಟ್ಟೆ, ಮಗು ಇದ್ದರೆ ನೋಡಿಕೊಳ್ಳುವವರು ಬೇಕು. ಒಂದು ಸ್ಪೋರ್ಟ್ಸ್ ಬ್ರಾ ಕೊಳ್ಳಲೂ ವಾರದ ಭತ್ಯೆಯಲ್ಲಿ ದೊಡ್ಡ ಪಾಲು ಹೋಗುತ್ತದೆ ಎಂಬುದು ದಾನದ ಶೂ ಸಂಗ್ರಹಿಸುವವರಿಗೆ ಹೊಳೆಯುವುದೇ ಇಲ್ಲ.

ಪದಕದ ಕನಸಿನ ಅಪಾಯ

2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಮೊದಲ ಬಾರಿಗೆ ನಿರಾಶ್ರಿತರ ತಂಡ ಇಳಿಯಿತು. ಹತ್ತು ಜನರಲ್ಲಿ ಐವರು ದಕ್ಷಿಣ ಸುಡಾನಿನ ಓಟಗಾರರು, ಕೆನ್ಯಾದ ಕಾಕುಮಾ ಶಿಬಿರದಿಂದ ಬಂದವರು. ಪ್ಯಾರಿಸ್ 2024ರ ಹೊತ್ತಿಗೆ ತಂಡ 37 ಜನರಿಗೆ ಬೆಳೆಯಿತು. ಮೊದಲ ಪದಕವೂ ಅಲ್ಲೇ ಬಂತು, ಬ್ರಿಟನ್ನಿನಲ್ಲಿ ನೆಲೆಸಿದ ಸಿಂಡಿ ಎನ್‌ಗಾಂಬಾ ಅವರ ಬಾಕ್ಸಿಂಗ್ ಕಂಚು. ಇದೆಲ್ಲ ಹೆಮ್ಮೆಯ ವಿಷಯವೇ. ಆದರೆ ಅದೇ ಪ್ಯಾರಿಸ್‌ನಲ್ಲಿ ಡೊಮಿನಿಕ್ ಲೋಬಾಲು 5,000 ಮೀಟರಿನಲ್ಲಿ ನಾಲ್ಕನೆಯವರಾದರು. ಕಂಚು ತಪ್ಪಿದ್ದು 0.14 ಸೆಕೆಂಡಿನಲ್ಲಿ.

ಅವರ ಹಾದಿ ಗಮನಿಸಬೇಕಾದದ್ದು. ದಕ್ಷಿಣ ಸುಡಾನಿನ ಯುದ್ಧದಲ್ಲಿ ತಂದೆತಾಯಿಯನ್ನು ಕಳೆದುಕೊಂಡು ಕೆನ್ಯಾದಲ್ಲಿ ಬೆಳೆದು ನಿರಾಶ್ರಿತರ ತಂಡದಲ್ಲಿ ಓಡುತ್ತಿದ್ದರು. 2019ರಲ್ಲಿ ಜಿನೀವಾದಲ್ಲಿ ಒಂದು ಓಟ ಗೆದ್ದ ಮೇಲೆ ತಂಡ ಬಿಟ್ಟು ಹೊರಟುಹೋದರು. ಗೆದ್ದ ಹಣ ತನ್ನ ಕೈ ಸೇರುತ್ತಿಲ್ಲ ಎಂಬುದು ಅವರ ಅಸಮಾಧಾನ. ಸ್ವಿಟ್ಜರ್ಲೆಂಡಿನಲ್ಲಿ ಆಶ್ರಯ ಕೋರಿದರು, ಅಲ್ಲಿ ಒಬ್ಬ ಕೋಚ್ ಸಿಕ್ಕರು. 2024ರ ಜೂನ್‌ನಲ್ಲಿ ಸ್ವಿಟ್ಜರ್ಲೆಂಡ್ ಪರವಾಗಿ ಯುರೋಪಿಯನ್ ಚಾಂಪಿಯನ್‌ಶಿಪ್‌ನ 10,000 ಮೀಟರ್ ಚಿನ್ನ ಗೆದ್ದರು. ಎರಡೇ ತಿಂಗಳಲ್ಲಿ ಒಲಿಂಪಿಕ್ಸ್‌ಗೆ ಹೋದಾಗ ಪೌರತ್ವ ಇಲ್ಲದ ಕಾರಣ ಅದೇ ದೇಶದ ಪರ ಓಡಲಾಗದೆ ನಿರಾಶ್ರಿತರ ತಂಡದಲ್ಲೇ ಓಡಿದರು. ಯುರೋಪಿನ ಚಾಂಪಿಯನ್ ಆದವರಿಗೂ ಕಾಗದಪತ್ರದ ತೊಡಕು ಬಿಡಿಸಿಕೊಳ್ಳಲು ಆಗಲಿಲ್ಲ ಎಂದರೆ ಉಳಿದವರ ಪಾಡು ಏನಿರಬೇಕು!

ಇಂಥ ಕಥೆಗಳನ್ನು ಸಂಸ್ಥೆಗಳು ಪೋಸ್ಟರಿಗೆ ಹಾಕುತ್ತವೆ, ದೇಣಿಗೆ ಬರುತ್ತದೆ. ಅದರ ಜೊತೆಗೆ ಒಂದು ತಪ್ಪು ಅಳತೆಗೋಲೂ ಬರುತ್ತದೆ. ಆಶ್ರಯ ಪಡೆಯಲು ಅಸಾಧಾರಣನಾಗಿರಬೇಕೇನೋ ಎಂಬಂತೆ. 2024ರ ಕೊನೆಗೆ ಜಗತ್ತಿನಲ್ಲಿ ಬಲವಂತವಾಗಿ ಊರು ಬಿಟ್ಟವರು 12 ಕೋಟಿ 32 ಲಕ್ಷ ಎಂದು ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ ಲೆಕ್ಕ ಕೊಟ್ಟಿದೆ. ಅವರಲ್ಲಿ ಬಹುಪಾಲು ಜನ ಸಾಧಾರಣ ವೇಗದಲ್ಲಿ ಓಡುವವರು, ಇಲ್ಲವೇ ಓಡಲು ಇಷ್ಟವೇ ಇಲ್ಲದವರು.

ಈ ಗುಂಪುಗಳು ಎಷ್ಟರಮಟ್ಟಿಗೆ ಕೆಲಸ ಮಾಡುತ್ತವೆ ಎಂದು ಅಳೆಯುವುದೂ ಸುಲಭವಲ್ಲ. ಬಂದವರಲ್ಲಿ ಇಷ್ಟು ಜನಕ್ಕೆ ಮನೆ ಸಿಕ್ಕಿತು, ಇಷ್ಟು ಜನಕ್ಕೆ ಕೆಲಸ ಸಿಕ್ಕಿತು ಎಂಬ ಲೆಕ್ಕ ಬರುತ್ತದೆ. ಆದರೆ ಬೆಳಗ್ಗೆ ಎದ್ದು ಬರುವ ಕಸುವು ಇದ್ದವರು ಹೇಗೂ ಉಳಿದವರಿಗಿಂತ ಸ್ವಲ್ಪ ಗಟ್ಟಿ ಇರುತ್ತಾರೆ. ಬರುವುದನ್ನು ನಿಲ್ಲಿಸಿದವರು ಎಲ್ಲಿಗೆ ಹೋದರು ಎಂಬುದು ಪಟ್ಟಿಯಲ್ಲಿ ಇರುವುದಿಲ್ಲ.

ಬ್ರಿಟನ್ನಿನ ಮಟ್ಟಿಗೆ, ನಿಲ್ಲಿಸಿದವರಲ್ಲಿ ಕೆಲವರು ಎಲ್ಲಿಗೆ ಹೋದರು ಎಂದು ಊಹಿಸುವುದು ಕಷ್ಟವಲ್ಲ. ಆಶ್ರಯ ಕೋರಿದವರನ್ನು ಎಲ್ಲಿ ಇರಿಸಬೇಕು ಎಂಬುದು ಹೋಮ್ ಆಫೀಸಿನ ಇಷ್ಟ, ಇವರಿಗೆ ಆಯ್ಕೆ ಇಲ್ಲ. ಕೆಲವೇ ದಿನಗಳ ನೋಟಿಸಿನಲ್ಲಿ ಲಂಡನ್‌ನಿಂದ ಇನ್ನೊಂದು ಊರಿಗೆ ಕಳಿಸಿಬಿಡುತ್ತಾರೆ. ಆರು ತಿಂಗಳಲ್ಲಿ ಬೆಳೆದ ಪರಿಚಯ, ಕೋಚ್, ಮಂಗಳವಾರದ ಓಟ ಎಲ್ಲ ಒಂದೇ ದಿನದಲ್ಲಿ ಮುಗಿಯುತ್ತದೆ. ಇದನ್ನು ಸರಿಮಾಡಲು ದೊಡ್ಡ ಯೋಜನೆ ಬೇಕಾಗಿಲ್ಲ. ಕಳಿಸುವ ಮೊದಲು ಸಂಬಂಧಪಟ್ಟ ಸಂಸ್ಥೆಗೆ ತಿಳಿಸಬಹುದು. ಹೋದ ಊರಿನ ಗುಂಪಿಗೆ ಈ ಊರಿನ ಕೋಚ್ ಒಂದು ಸಂದೇಶ ಕಳಿಸಬಹುದು. ಶೂ ಚೀಲದಲ್ಲಿ ಇದೆಯೇ ಎಂದು ನೋಡಬಹುದು. ಪಾರ್ಕ್‌ರನ್‌ನ ಬಾರ್‌ಕೋಡ್ ಎಲ್ಲ ಊರುಗಳಲ್ಲೂ ನಡೆಯುತ್ತದೆ, ಇಂಗ್ಲೆಂಡಿನಲ್ಲಿ ಎಲ್ಲಿ ಹೋದರೂ ಶನಿವಾರ ಒಂಬತ್ತಕ್ಕೆ ಓಟ. ಗ್ಲಾಸ್ಗೋಗೆ ಕಳಿಸಿದರೆ ಅರ್ಧ ಗಂಟೆ ಜಾಸ್ತಿ ಮಲಗಬಹುದು, ಸ್ಕಾಟ್ಲೆಂಡಿನವರು ಶುರು ಮಾಡುವುದು ಒಂಬತ್ತೂವರೆಗೆ.